ನಾರಿನ ಮಿಲ್ಲಲ್ಲಿ ಬೀಡಿ ಬಂದ್

ನಮ್ಮನೆ ಟೀವಿ ಕೆಟ್ಟು ಎಷ್ಟೋ ಕಾಲ ಆತು. ರಿಪೇರಿ ಮಾಡ್ಸಿಲ್ಲ. ಯಾಕೆ ಮಾಡ್ಸಾಣ? ಬಾಗ್ಲು ತೆಗೆದ್ರೆ ಎದುರಿಗೇ ತೆಂಗಿನ ನಾರಿನ ಮಿಲ್ಲು, ಅದರ ಗೇಟು. ಹೊಸದುರ್ಗದಲ್ಲಿ ಇಷ್ಟು ಸುದ್ದಿ ಹುಟ್ಟೋ ಜಾಗ ಬಸ್‌ಸ್ಟ್ಯಾಂಡ್ ಬಿಟ್ರೆ ಇದೊಂದೇ. ಅಕ್ಕಿ ಆರ್ಸೋಕೆ ಮೊರ ಹಿಡ್ಕಂಡು ಕಟ್ಟೆ ಮ್ಯಾಲೆ ಕುಂತ್ರೆ, ಕಲ್ಲು ಸಿಗೋದ್ರೊಳಗೆ ಅಲ್ಲಿ ಏನಾದ್ರೂ ಒಂದು ಆಗೇ ಆಗುತ್ತೆ. ಅದರಲ್ಲೂ ಮಿಲ್ಲಿನ ಯಜಮಾನ್ತಿ ಬೀಡಿ ಬಂದ್ ಮಾಡಿದ ಮ್ಯಾಲಂತೂ ನಾನು ಮಧ್ಯಾಹ್ನದ ನಿದ್ದೆನೇ ಬಿಟ್ಟೆ.

ಯಜಮಾನ್ತಿ ಅಂದ್ರೆ ಹೊಳಲ್ಕೆರೆ ಕಡೆಯಿಂದ ಸೊಸೆಯಾಗಿ ಬಂದೋಳು. ಗಂಡ ಒಳ್ಳೆ ಮನುಷ್ಯ, ಅಂದ್ರೆ ಯಾವ ಕೆಲಸಕ್ಕೂ ಆಗದೋನು. ಹಂಗಾಗಿ ಮಿಲ್ಲು ನಡ್ಸೋದು ಇವಳ ತಲೆಗೆ ಬಂತು. ಆದ್ರೆ ಮಿಲ್ಲಿನ ಬೀಗದ ಕೈ ಇರೋದು ಅತ್ತೆ ಸೊಂಟದಲ್ಲಿ. ಬೆಳಿಗ್ಗೆ ಇಸ್ಕಂಡು ಬರ್ಬೇಕು, ಸಾಯಂಕಾಲ ವಾಪಸ್ ಕೊಡ್ಬೇಕು. ಅತ್ತೆಗೆ ಚಿಕ್ಕ ಮಗ ಅಂತ ಇನ್ನೊಬ್ಬ ಅವ್ನೆ. ಅವನ ಎರಡು ಕಣ್ಣೂ ಆ ಬೀಗದ ಕೈ ಮ್ಯಾಲೇನೇ. ಅತ್ತಿಗೆ ಯಾವಾಗ ಎಡವುತ್ತಾಳೆ ಅಂತ ಕಾಯ್ತಾ ಇದ್ದ. ಆಗ ಬಂತು ನೋಡ್ರಿ ಈ ಬೀಡಿ ವಿಚಾರ.

ಬೆಂಕಿ ಆರಿಸಿದ ದಿನ

ಬೇಸಿಗೆ. ಮಿಲ್ಲಿನ ಅಂಗಳದ ತುಂಬ ನಾರು ಒಣಗಾಕಿದ್ರು. ಯಾರೋ ಬೀಡಿ ಮೋಟು ಎಸೆದ್ರು. ನಾರು ಅದಕ್ಕೇ ಕಾಯ್ತಾ ಇತ್ತೇನೋ, ಬುರ್ರಂತ ಹತ್ಕಂತು. ಗಂಡಸ್ರು ಹೆಂಗಸ್ರು ಎಲ್ಲಾ ಬಕೆಟ್ ಹಿಡ್ಕಂಡು ಓಡಿದ್ರು. ನಾನೂ ನಮ್ಮನೆ ಕೊಡ ತಗಂಡು ಓಡ್ದೆ.

ಎಲ್ಲರಿಗಿಂತ ಹೆಚ್ಚು ಒದ್ದಾಡಿದ್ದು ಮಿಷನ್ನೋನು. ಆದಿವಾಲದ ಕಡೆಯೋನು. ಸಿಪ್ಪೆ ಬಡಿದು ನಾರು ತೆಗೆಯೋ ದೊಡ್ಡ ಮಿಷನ್ ಓಡ್ಸೋದು ಅಲ್ಲಿ ಅವನೊಬ್ಬನಿಗೇ ಗೊತ್ತು. ಅವನು ಒಂದಿನ ಬರ್ಲಿಲ್ಲ ಅಂದ್ರೆ ಮಿಲ್ಲು ಮಲಗಿದಂಗೆ. ಅರ್ಧ ಮೀಸೆ ಸುಟ್ಕಂಡು, ಪಂಚೆ ಎಲ್ಲಾ ನೀರು ಮಾಡ್ಕಂಡು, ಕೊನೇ ಬಕೆಟ್ ಹುಯ್ದೋನೂ ಅವನೇ. ಯಜಮಾನ್ತಿ ಕಣ್ಣಲ್ಲಿ ನೀರು ತುಂಬ್ಕಂಡು, 'ನಿನ್ನ ಉಪಕಾರ ಮರೆಯಲ್ಲಪ್ಪ' ಅಂದ್ಲು.

'ಇರ್ಲಿ ಬಿಡ್ರಿ ಅಮ್ಮಾರೆ' ಅಂತ ಅವನು ಉಸ್ಸಪ್ಪ ಅಂದು ಕಿವಿ ಸಂದೀಲಿದ್ದ ಬೀಡಿ ತೆಗೆದ. ಜೇಬಿನ ಕಡ್ಡಿಪೆಟ್ಟಿಗೆ ನೆಂದು ಮುದ್ದೆ ಆಗೈತೆ. ಆ ಕಡೆ ಈ ಕಡೆ ನೋಡ್ದ. ಬಗ್ಗಿದ. ಬೂದಿ ಕೆದಕಿ, ಒಳಗೆ ಇನ್ನೂ ಕೆಂಪಗಿದ್ದ ನಾರಿನ ಉಂಡೆ ಒಂದು ಕಡ್ಡೀಲಿ ಎತ್ತಿ ಬೀಡಿ ಹಚ್ಕಂಡ. ಒಂದು ದಮ್ಮು ಎಳೆದು, ಆ ಉಂಡೆನ ಹಂಗೇ ಹಿಂದಕ್ಕೆ ಎಸೆದ. ಹಿಂದೆ ಇದ್ದಿದ್ದು ಒಣಗಿದ ರಾಶಿ.

ಎರಡನೇ ಬೆಂಕಿ ಆರ್ಸೋಕೆ ನಾನು ಹೋಗ್ಲಿಲ್ಲ. ನಮ್ಮನೇಲಿ ನೀರು ಖಾಲಿ ಆಗಿತ್ತು.

ಬಾಯಿ ಯಾರದು, ನಾರು ಯಾರದು

ಮಾರನೇ ದಿನ ಗೇಟಿಗೆ ಬೋರ್ಡು ಬಿತ್ತು. ಒಳಗೆ ಬೀಡಿ ಸಿಗರೇಟು ಸೇದೋ ಹಂಗಿಲ್ಲ. ನಂಗೆ ಓದೋಕೆ ಅಷ್ಟಾಗಿ ಬರಲ್ಲ, ಆದ್ರೆ ಬೀಡಿ ಚಿತ್ರ ಬರೆದು ಅದರ ಮ್ಯಾಲೆ ಗೀಟು ಹೊಡೆಸಿದ್ಲು ನೋಡ್ರಿ, ಕುರಿ ಕಾಯೋರಿಗೂ ತಿಳಿಯೋ ಹಂಗಿತ್ತು.

ಗಂಡಸ್ರೆಲ್ಲ ಗೇಟಲ್ಲೇ ನಿಂತ್ರು. ಮಿಷನ್ನೋನು ಮುಂದೆ ಬಂದ. 'ಅಮ್ಮಾರೆ, ಬೀಡಿ ನಮ್ದು, ಬಾಯಿ ನಮ್ದು. ನಿಮಗೇನು ಕಷ್ಟ?'

'ಬಾಯಿ ನಿಂದಪ್ಪ, ಇಲ್ಲ ಅಂದ್ನಾ? ನಾರು ನಂದು. ಕೆಮ್ಮು ಪಕ್ಕದಲ್ಲಿ ಕೆಲಸ ಮಾಡೋರ್ದು.'

'ಹಂಗಾದ್ರೆ ಹಿರಿಯೂರು ಕಡೆ ಮಿಲ್ಲು ಅವೆ. ಅಲ್ಲಿ ಯಾರೂ ಕೇಳಲ್ಲ. ನಡೀರಲೇ, ಹೋಗಾಣ.'

ಹೋಗಾಣ ಅಂದ ಮಾತು ಅತ್ತೆ ಕಿವಿಗೆ ಬಿತ್ತು. ಮುದುಕಿ ಆಫೀಸು ಜಗಲಿ ಮ್ಯಾಲೆ ಕುರ್ಚಿ ಹಾಕ್ಕಂಡು ಎಲೆ ಅಡಿಕೆ ಮೆಲ್ತಾ ಕುಂತಿತ್ತು. ಚಿಕ್ಕ ಮಗ ಪಕ್ಕದಲ್ಲೇ ನಿಂತು, 'ನೋಡಮ್ಮ, ಅತ್ತಿಗೆ ಮಿಲ್ಲಿಗೆ ಬೀಗ ಹಾಕ್ಸೋಳು' ಅಂತ ಊದಿದ. ಮುದುಕಿ ಸೊಸೆನ ಕರೀತು.

'ಏನೇ, ಆಯುಧಪೂಜೆವರ್ಗೂ ನೋಡ್ತೀನಿ. ಆಳು ಬಿಟ್ಟೋಗಿ ಮಿಷನ್ ನಿಂತ್ರೆ, ಪೂಜೆ ದಿನ ಬೀಗದ ಕೈ ಚಿಕ್ಕೋನಿಗೆ. ನಿಂತಿಲ್ಲ ಅಂದ್ರೆ ನಿಂಗೇ ಇಟ್ಕ, ನಂಗೂ ಸೊಂಟ ನೋವು.'

'ಆತು ಅತ್ತೇರೆ' ಅಂದ್ಲು. ಅಷ್ಟೇ. ಒಂದು ಮಾತು ಮ್ಯಾಲಿಲ್ಲ, ಕೆಳಗಿಲ್ಲ. ನಾನಾಗಿದ್ರೆ ಅತ್ತೆನೂ ಬಿಡ್ತಿರ್ಲಿಲ್ಲ, ಮೈದುನನ್ನೂ ಬಿಡ್ತಿರ್ಲಿಲ್ಲ. ಅವಳು ಸೀದಾ ಗೇಟಿಗೆ ಬಂದು, ವಾಚ್‌ಮನ್ನಿಗೆ ಒಂದು ಡಬ್ಬ ಕೊಟ್ಲು. 'ಒಳಗೆ ಬರೋರ ಬೀಡಿ, ಕಡ್ಡಿಪೆಟ್ಟಿಗೆ ಎಲ್ಲಾ ಇದರಲ್ಲಿ ಹಾಕಿಸ್ಕ. ಹೊರಗೆ ಹೋಗೋವಾಗ ಕೊಡು.' ಅವತ್ತಿನ ಕೂಲಿ ಬಿಡೋಕೆ ಮನಸ್ಸಿಲ್ದೆ ಗಂಡಸ್ರು ಗೊಣಗ್ತಾ ಒಳಗೆ ಹೋದ್ರು.

ಈ ವಾಚ್‌ಮನ್ನು ತಾಳ್ಯದ ಕಡೆ ಮುದುಕ. ಮಿಲ್ಲಲ್ಲಿ ಎಲ್ಲರಿಗಿಂತ ಜಾಸ್ತಿ ಸೇದೋನೇ ಅವನು. ಡಬ್ಬ ನೋಡಿ, 'ಅಮ್ಮಾರೆ, ಎಲ್ಲರದ್ದೂ ನಾನು ಕಾಯ್ತೀನಿ. ನಂದು ಯಾರು ಕಾಯ್ಬೇಕು?' ಅಂದ.

'ನಿಂದು ನಾನೇ ಕಾಯ್ತೀನಿ. ಬೇಕಾದಾಗ ಬಂದು ಇಸ್ಕಂಡೋಗಿ ರಸ್ತೆಗೆ ಹೋಗಿ ಸೇದು.'

ಮುದುಕ ಖುಷಿಯಾಗಿ ಹೋದ, ಕೇಳ್ದ. ಯಜಮಾನ್ತಿ ಬೀಡಿ ಕೈಲಿ ಹಿಡ್ಕಂಡು, 'ಕೊಡ್ತೀನಿ, ಕುಂತ್ಕ. ರಾತ್ರಿ ಕೆಮ್ಮು ಎಂಗೈತೆ? ಮೊಮ್ಮಗಳು ಮಾತಾಡ್ತಾಳಾ? ಬೀಡಿ ವಾಸ್ನೆಗೆ ಹತ್ರ ಬರಲ್ಲ ಅಂತಿದ್ಯಲ್ಲ, ಈಗ ಬರ್ತಾಳಾ?' ಅಂತ ಶುರು ಮಾಡಿದ್ಲು. ಎದ್ದು ಬರೋ ಹೊತ್ತಿಗೆ ಅವನ ಮೊಮ್ಮಗಳು, ಸೊಸೆ, ಸತ್ತ ಹೆಂಡ್ತಿ ಎಲ್ಲರ ವಿಚಾರಣೆ ಆಗಿತ್ತು. ಹಂಗೇ ನಾಕು ದಿನ ನಡೀತು. ಆಮ್ಯಾಲೆ ಮುದುಕ ಆಫೀಸಿನ ಕಡೆ ತಲೆ ಹಾಕೋದೇ ಬಿಟ್ಟ.

'ಯಾಕಜ್ಜ, ಬೀಡಿ ಬಿಟ್ಯಾ?' ಅಂದೆ ನಾನು.

'ಬೀಡಿ ಬಿಟ್ಟಿಲ್ಲವ್ವ. ಇಸ್ಕಳಾಕೆ ಹೋದ್ರೆ ಅಳು ಬರುತ್ತೆ' ಅಂದ.

ಹೆಂಗಸ್ರಿಗೆ ತಿಳಿದ ಲೆಕ್ಕ

ಗಂಡಸ್ರು ಹಿಂದೆಲ್ಲ ಬೀಡಿಗೆ ಅಂತ ಮರದ ಕೆಳಗೆ ಹೋಗೋರು. ಹೋದ್ರೆ ಹೋದ್ರು. ಹೆಂಗಸ್ರು ಮಾತ್ರ ಬಗ್ಗಿದ ಸೊಂಟ ಎತ್ತದೆ ನಾರು ಹರಡ್ತಾ ಇರೋರು. ಯಾಕಂದ್ರೆ ಇವರು ಬೀಡಿ ಸೇದಲ್ವಲ್ಲ, ಇವರಿಗೆ ಯಾತರ ಬಿಡುವು?

ಯಜಮಾನ್ತಿ ಅದನ್ನೂ ತೆಗೆದ್ಲು. ಬೀಡಿಗೆ ಅಂತ ಬಿಡುವಿಲ್ಲ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಎಲ್ಲರೂ ಕುಂತ್ಕಳ್ರಿ, ಟೀ ಕುಡೀರಿ, ಗಂಡು ಹೆಣ್ಣು ಎಲ್ಲರಿಗೂ ಒಂದೇ.

ಮೊದಲ್ನೇ ದಿನ ಹೆಂಗಸ್ರಿಗೆ ಕುಂತ್ಕಳಾಕೇ ನಾಚಿಕೆ. ನಿಂತ್ಕಂಡೇ ಟೀ ಕುಡಿದ್ರು. ಆಮ್ಯಾಲೆ ಕುಂತ್ರು. ಕುಂತ ಮ್ಯಾಲೆ ಮಾತು ಶುರು ಆತು. ಟೈಮ್ ಆದ ಮ್ಯಾಲೂ ಏಳಲ್ಲ. ಗಂಡಸ್ರು ಹೋಗಿ ದೂರು ಹೇಳಿದ್ರು, 'ಅಮ್ಮಾರೆ, ಇವರ ಮಾತು ನಮ್ಮ ಬೀಡಿಗಿಂತ ಉದ್ದ ಐತೆ.'

ಅದಕ್ಕೆ ನಾರು ಹರಡೋ ಒಬ್ಬಾಕೆ ಎದ್ದು ನಿಂತ್ಲು. ಬಾಯಿ ಜೋರು, ನನ್ನ ಪೈಕಿ. 'ಲೇ, ನೀವು ಮದುವೆಗೆ ಮುಂಚಿಂದ ಕುಂತ್ಕಂಡು ಬಂದೀರಿ. ನಮ್ಮದು ಇವತ್ತು ಶುರು ಆಗೈತೆ. ಬಾಕಿ ತೀರ್ಲಿ ತಡ್ಕಳ್ರಿ' ಅಂದ್ಲು. ಆಮ್ಯಾಲೆ ಪಕ್ಕದೋಳಿಗೆ ಮೆಲ್ಲಗೆ, 'ಬೀಡಿ ಸೇದ್ದೆ ಎಷ್ಟು ಲಾಸ್ ಆಗೋತಲ್ಲೇ ನಮಗೆ' ಅಂದ್ಲು.

ನಮ್ಮ ಕಟ್ಟೆ

ಒಳಗೆ ಬಂದ್ ಆದ ಮ್ಯಾಲೆ ಗಂಡಸ್ರು ಗೇಟಿನ ಹೊರಗೆ ಶುರು ಮಾಡಿದ್ರು. ಹೊರಗೆ ಅಂದ್ರೆ ಎಲ್ಲಿ? ನಮ್ಮ ಕಟ್ಟೆ ಮ್ಯಾಲೆ. ಟೀ ಟೈಮಿಗೆ ಓಡಿ ಬಂದು ಕುಂತು ಪುಸ ಪುಸ ಅಂತ ಸೇದಿ ಓಡೋರು. ನಂಗೆ ಕೋಪ ಏನೂ ಬರ್ಲಿಲ್ಲ. ಹೊಗೆ ಜೊತೆ ಸುದ್ದಿನೂ ಬರ್ತಿತ್ತು. ಯಾರ ಮನೇಲಿ ಜಗಳ, ಯಾರ ಭಾವ ಯಾರ ಹತ್ರ ಮಾತು ಬಿಟ್ಟವ್ನೆ, ಯಾರ ಹೆಂಡ್ತಿ ಸಾರು ಎಂಗಿರುತ್ತೆ, ಎಲ್ಲಾ ಕುಂತಲ್ಲಿಗೇ.

ಆದ್ರೆ ಗಾಳಿ ಬಂದ್ರೆ ಕಿಡಿ ಹಾರಿ ಕಾಂಪೌಂಡಿನ ಒಳಗೇ ಬೀಳುತ್ತೆ. ಯಜಮಾನ್ತಿ ಬೋರ್ಡು ಹೊರಗೆ ನೆಡ್ತಾಳೆ, ನಮ್ಮ ಕಟ್ಟೆ ತಂಟೆಗೆ ಬರ್ತಾಳೆ, ನಾನೂ ಒಂದು ಕೈ ನೋಡಾಣ ಅಂತ ಸೆರಗು ಸಿಗಿಸ್ಕಂಡು ರೆಡಿ ಆಗಿದ್ದೆ. ಅವಳು ಬಂದ್ಲು. ಕೈಲಿ ನಾಕು ತೆಂಗಿನಕಾಯಿ.

'ಅಕ್ಕ, ಇವರು ಇಲ್ಲಿ ಕುಂತು ಏನೇನು ಮಾತಾಡ್ತಾರೆ?'

ನಂಗೆ ಯಾರಾದ್ರೂ ಹಂಗೆ ಕೇಳಿದ್ರೆ ಸಾಕು. ಎಲ್ಲಾ ಹೇಳ್ದೆ. ಕಾಫಿ ಕಾಯ್ಸಿ ಕೊಟ್ಟು ಇನ್ನೊಂದಿಷ್ಟು ಹೇಳ್ದೆ.

ಅವಳು ನಗ್ತಾ ಎದ್ಲು. 'ಎಷ್ಟು ಚೆನ್ನಾಗಿ ಹೇಳ್ತೀಯಕ್ಕ. ನೀರಿಗೆ ಹೋದಾಗ ಅವರ ಹೆಂಡ್ರಿಗೂ ಹಿಂಗೇ ಹೇಳು. ಪಾಪ, ಅವರಿಗೂ ಹೊತ್ತು ಹೋಗ್ಬೇಕಲ್ಲ.'

ಹೇಳ್ದೆ. ನಾನೇನು ಸೇರ್ಸಿ ಹೇಳ್ಲಿಲ್ಲ, ಹೆಂಡ್ತಿ ಸಾರು ಕಲಗಚ್ಚು ಇದ್ದಂಗೈತೆ ಅಂದಿದ್ನಲ್ಲ ಒಬ್ಬ, ಅದನ್ನ ಹಂಗಂಗೇ ಹೇಳ್ದೆ. ಮಾರನೇ ದಿನ ಅವನು ಊಟದ ಡಬ್ಬಿ ಖಾಲಿ ತಂದ. ಅದರ ಮಾರನೇ ದಿನ ಇನ್ನೊಬ್ಬ ಕೆನ್ನೆ ಊದಿಸ್ಕಂಡು ಬಂದು ಹಲ್ಲು ನೋವು ಅಂದ. ವಾರ ಆಗೋದ್ರೊಳಗೆ ಕಟ್ಟೆ ಖಾಲಿ. ಹೊಸದಾಗಿ ಸೇರಿದೋನೊಬ್ಬ ತಿಳೀದೆ ಬಂದು ಕುಂತು ಬೀಡಿ ಹಚ್ಚಿದ. ಮಿಷನ್ನೋನು ಗೇಟಿಂದಲೇ ಕೂಗ್ದ.

'ಏಳಲೇ ಅಲ್ಲಿಂದ. ಆ ಕಟ್ಟೆ ಮ್ಯಾಲೆ ಕುಂತ್ರೆ ಬೀಡಿಗಿಂತ ಬೇಗ ಮನೆ ಸುಡುತ್ತೆ.'

ಟ್ಯಾಂಕಿ ಮ್ಯಾಲಿನೋರು

ಇಷ್ಟೆಲ್ಲಾ ಆದ್ರೂ ಮಿಷನ್ನೋನು ಪೂರ್ತಿ ಒಪ್ಪಿರ್ಲಿಲ್ಲ. ಹಿರಿಯೂರಿಂದ ಅವನಿಗೆ ಫೋನ್ ಬರ್ತಾನೇ ಇದ್ವು. 'ನಮಗೆ ಒಂದು ನ್ಯಾಯ, ಅವರ ಮನೆಯೋರಿಗೆ ಒಂದು ನ್ಯಾಯ. ನೋಡ್ತಿರ್ರಿ' ಅಂತ ಎಲ್ಲರ ಹತ್ರನೂ ಹೇಳ್ತಾ ಇದ್ದ. ಇವನೊಬ್ಬ ಹೋದ್ರೆ ಮಿಷನ್ ನಿಲ್ಲುತ್ತೆ, ಬೀಗದ ಕೈ ಮೈದುನನ ಪಾಲಾಗುತ್ತೆ ಅಂತ ಯಜಮಾನ್ತಿಗೂ ಗೊತ್ತು.

ಒಂದಿನ ನೋಡ್ತೀನಿ, ಮಿಲ್ಲಿನ ನೀರಿನ ಟ್ಯಾಂಕಿ ಮ್ಯಾಲಿಂದ ಹೊಗೆ. ನಾನು ಕೂಗೋದ್ರೊಳಗೆ ಯಜಮಾನ್ತಿನೇ ನೋಡಿದ್ಲು. ಕೆಳಗೆ ನಿಂತು, 'ಯಾರದು ಮ್ಯಾಲೆ?' ಅಂದ್ಲು.

ಹೊಗೆ ನಿಂತ್ಕಂತು. ಸ್ವಲ್ಪ ಹೊತ್ತಿಗೆ ಗಂಡನ ತಲೆ ಕಾಣ್ತು. 'ನಾನೇ ಕಣೆ. ನೀರೆಷ್ಟೈತೆ ಅಂತ ನೋಡ್ತಿದ್ದೆ.'

'ನೀರು ನೋಡೋಕೆ ಬಾಯಲ್ಲಿ ಬೆಂಕಿ ಯಾಕ್ರಿ?'

'ನಾನೂ ಮಾಲೀಕನೇ ಅಲ್ವೇನೇ?'

'ಬೋರ್ಡಲ್ಲಿ ಮಾಲೀಕರು ಬಿಟ್ಟು ಅಂತ ಎಲ್ಲಾದ್ರೂ ಐತಾ ನೋಡ್ರಿ. ಅಲ್ಲಿಂದ ಚೆನ್ನಾಗಿ ಕಾಣುತ್ತೆ' ಅಂದು, ಏಣಿ ತೆಗೆಸಿಬಿಟ್ಲು. ಹಾಜರಿ ಪುಸ್ತಕದಲ್ಲಿ ಅವನಿಗೆ ಅರ್ಧ ದಿನ ಗೈರು ಅಂತ ಬರೆಸಿದ್ಲು. ಮಧ್ಯಾಹ್ನ ಬಿಸಿಲಲ್ಲಿ ಆ ಮನುಷ್ಯ ತಲೆ ಮ್ಯಾಲೆ ಟವಲ್ ಹೊದ್ಕಂಡು ಕೋತಿ ಕುಂತಂಗೆ ಕುಂತಿದ್ದ. ಊಟನ ಬಕೆಟ್ಟಿಗೆ ಹಾಕಿ ಹಗ್ಗದಲ್ಲಿ ಕಳ್ಸಿದ್ಲು ಅನ್ನಿ, ಗಂಡ ಅಲ್ವಾ. ಸಾಯಂಕಾಲ ಏಣಿ ಹಾಕಿ ಇಳಿಸ್ಕಂಡಿದ್ದು ಮಿಷನ್ನೋನು. ಇಳಿಸ್ಕಂಡು, 'ಗಂಡನ್ನೇ ಬಿಡ್ಲಿಲ್ಲ ಅಂದ ಮ್ಯಾಲೆ ನ್ಯಾಯ ಐತ್ರಪ್ಪ' ಅಂದ. ಅವತ್ತಿಂದ ಹಿರಿಯೂರಿನ ಫೋನ್ ತೆಗೀಲಿಲ್ಲ.

ಮಜಾ ಇರೋದು ಶನಿವಾರ. ಬಟವಾಡೆ ದಿನ ಅವಳು ಒಬ್ಬೊಬ್ಬರದೇ ಹೆಸರು ಕೂಗಿ ಕೂಲಿ ಕೊಡ್ತಾಳೆ. ಗಂಡನಿಗೂ ಅವಳೇ ಕೊಡೋದು, ಅವನೂ ಸಾಲಲ್ಲೇ ನಿಲ್ಲೋದು. ನಮ್ಮ ಕಡೆ ಹೆಂಗಸ್ರು ಗಂಡನ ಹೆಸರು ಹಿಡಿದು ಕರೆಯಲ್ಲ. ಇಷ್ಟು ದಿನ ಅವನ ಸರದಿ ಬಂದಾಗ ಕೆಮ್ಮಿ ಸುಮ್ಮನಾಗೋಳು. ಅವತ್ತು ಕೆಮ್ಮಲಿಲ್ಲ.

'ಟ್ಯಾಂಕಿ ಮ್ಯಾಲಿನೋರು ಬರ್ರಿ' ಅಂದ್ಲು.

ಹಿರಿಯರ ಎಡೆ

ಆಯುಧಪೂಜೆಗೆ ಮುಂಚೆ ಅಮಾಸೆ ದಿನ ಹಿರಿಯರ ಹಬ್ಬ. ಸತ್ತೋರಿಗೆ ಅವರಿಗೆ ಏನು ಇಷ್ಟವೋ ಅದನ್ನ ಮಾಡಿ ಎಡೆ ಇಡ್ಬೇಕು. ಈ ಮಿಲ್ಲು ಕಟ್ಸಿದ್ದು ಮುದುಕಿ ಗಂಡ, ಅಂದ್ರೆ ಯಜಮಾನ್ತಿ ಮಾವ. ಅವರ ಎಡೆ ಮಿಲ್ಲಿನ ಆಫೀಸಲ್ಲೇ ಇಡೋದು, ಫೋಟೋ ಮುಂದೆ. ಹೋಳಿಗೆ, ವಡೆ, ಕೋಳಿ ಸಾರು, ಹೊಸ ಪಂಚೆ. ಎಲ್ಲಕ್ಕಿಂತ ಮುಖ್ಯ ಬೀಡಿ. ಆ ಮನುಷ್ಯ ಬದುಕಿದ್ದಾಗ ಬಾಯಲ್ಲಿ ಬೀಡಿ ಇಲ್ದೆ ಕಂಡೋರಿಲ್ಲ. ಫೋಟೋ ತೆಗೆಸೋಕೆ ಅಂತ ಒಂದು ಸಲ ಬಾಯಿಂದ ಬೀಡಿ ತೆಗೆದಿದ್ರು, ಅದೇ ಫೋಟೋ.

ಪ್ರತಿ ವರ್ಷ ಚಿಕ್ಕ ಮಗನೇ ಆ ಬೀಡಿ ಹಚ್ಚೋನು. ತನ್ನ ಬಾಯಲ್ಲಿಟ್ಟು ಹಚ್ಚಿ, ಎರಡು ದಮ್ಮು ಎಳೆದು ಎಡೆ ಅಂಚಿಗೆ ಇಡೋನು. ಬೀಡಿ ಎಳೀತಾ ಇದ್ರೆ ಉರಿಯುತ್ತೆ, ಸುಮ್ಮನೆ ಇಟ್ರೆ ಆರುತ್ತೆ. ಆರೋಕೆ ಬಂದಾಗ ಇವನು ಎತ್ಕಂಡು ಅಪ್ಪನ ಪರವಾಗಿ ಇನ್ನೊಂದು ದಮ್ಮು. ಬೀಡಿ ಮೋಟಾಗೋವರ್ಗೂ ಹಿಂಗೇ. ಮುದುಕಿ ಹೊಗೆ ನೋಡಿ, 'ಸೇದ್ತಾವ್ರೆ ನೋಡು' ಅಂತ ಕೈ ಮುಗಿಯೋದು.

ಈ ಸಲ ನಾನೂ ಹೋಗಿದ್ದೆ. ಕರೆದಿದ್ರು, ಕರೀದಿದ್ರೂ ಹೋಗ್ತಿದ್ದೆ. ಆಳುಗಳೆಲ್ಲ ಬಾಗ್ಲಲ್ಲಿ ನಿಂತವ್ರೆ. ಎಲ್ಲರ ಕಣ್ಣೂ ಆ ಬೀಡಿ ಕಟ್ಟಿನ ಮ್ಯಾಲೆ. ಚಿಕ್ಕ ಮಗ ಬೇಕಂತಲೇ ಜೋರಾಗಿ ಕೇಳ್ದ.

'ಅತ್ತಿಗೆ, ಅಪ್ಪನಿಗೆ ಬೀಡಿ ಇಡ್ಲಾ, ಬೇಡ್ವಾ? ನಿಮ್ಮ ಬೋರ್ಡು ಐತಲ್ಲ.'

ಬೇಡ ಅಂದ್ರೆ ಮುದುಕಿ ಗಂಡನಿಗೆ ಅವಮಾನ, ಬೀಗದ ಕೈ ಹೋತು. ಆತು ಅಂದ್ರೆ ಬೋರ್ಡು ಹೋತು. ಮಿಷನ್ನೋನು ಆಗ್ಲೇ ಪಕ್ಕದೋನ ಕಿವೀಲಿ, 'ದೊಡ್ಡ ಯಜಮಾನ್ರು ಒಳಗೆ ಸೇದ್ಬೋದು ಅಂದ್ರೆ ನಾಳೆಯಿಂದ ನಮಗೂ ಐತೆ ಬಿಡಲೇ' ಅಂದ.

ಯಜಮಾನ್ತಿ ಒಂಚೂರೂ ಗಾಬರಿ ಆಗ್ಲಿಲ್ಲ. 'ಇಡ್ರಿ. ಮಾವನೋರ ಮಿಲ್ಲು, ಅವರು ಸೇದ್ತೀನಿ ಅಂದ್ರೆ ಬೇಡ ಅನ್ನೋಕೆ ನಾನ್ಯಾರು? ಆದ್ರೆ ಬದುಕಿರೋರ ಬಾಯಿಗೆ ಅದು ಮುಟ್ಟಕೂಡ್ದು. ಊದುಬತ್ತೀಲಿ ಹಚ್ಚಿ ಇಡ್ರಿ. ಸೇದೋದು ಅವರಿಗೆ ಬಿಡ್ರಿ.'

ಮುದುಕಿ ಎಲೆ ಅಡಿಕೆ ಮೆಲ್ಲೋದು ನಿಲ್ಸಿ, 'ಅದೂ ಸರಿನೇ' ಅಂತು.

ಚಿಕ್ಕ ಮಗ ಬೀಡಿನ ಊದುಬತ್ತಿ ಕೆಂಡಕ್ಕೆ ಹಿಡಿದು ಹಚ್ಚಿದ. ತುದಿ ಕೆಂಪಗಾತು. ಎಡೆ ಅಂಚಿಗೆ ಇಟ್ಟ. ಎಲ್ಲರೂ ನೋಡಿದ್ರು. ಆರೋತು. ಮತ್ತೆ ಹಚ್ಚಿದ. ಆರೋತು. ಬೇರೆ ಬೀಡಿ ತೆಗೆದು ಹಚ್ಚಿದ. ಒಂದೆಳೆ ಹೊಗೆ ಬಂದು ಅದೂ ಆರೋತು. ಬೆವರು ಒರೆಸ್ಕಂಡು ತಾಯಿ ಕಡೆ ತಿರುಗ್ದ.

'ನೋಡಿದ್ಯಾ ಅಮ್ಮ. ಅಪ್ಪ ಸಿಟ್ಟಾಗವ್ನೆ. ಮುಟ್ತಾ ಇಲ್ಲ. ಎಲ್ಲಾ ಈ ಬೋರ್ಡಿಂದ.'

ವಾಚ್‌ಮನ್ ಅಜ್ಜ ಟೋಪಿ ತೆಗೆದ. ಟ್ಯಾಂಕಿ ಮ್ಯಾಲಿನೋರು ಗ್ವಾಡೆ ನೋಡ್ತಾ ನಿಂತ್ರು. ಮುದುಕಿ ಮುಖ ಕಪ್ಪಿಟ್ಟಿತ್ತು.

ಯಜಮಾನ್ತಿ ಮುಂದೆ ಬಂದು ಫೋಟೋಕ್ಕೆ ಕೈ ಮುಗಿದ್ಲು. ಆರಿದ ಬೀಡಿ ನೋಡಿದ್ಲು, ಫೋಟೋ ನೋಡಿದ್ಲು.

'ಸಿಟ್ಟೇನಿಲ್ಲ ಅತ್ತೇರೆ. ಹೋಳಿಗೆ ಬಿಟ್ಟಿಲ್ಲ, ಕೋಳಿ ಸಾರು ಬಿಟ್ಟಿಲ್ಲ. ಮಾವನೋರು ಬೀಡಿ ಬಿಟ್ಟವ್ರೆ, ಅಷ್ಟೆ.'

ಮಿಷನ್ನೋನು ಬಾಗ್ಲಲ್ಲೇ ಬಗ್ಗಿ ನಮಸ್ಕಾರ ಮಾಡ್ದ. ದೊಡ್ಡ ಯಜಮಾನ್ರೇ ಬಿಟ್ರು ಅಂದ ಮ್ಯಾಲೆ ಅವನು ಇನ್ನೇನು ಕೇಳ್ತಾನೆ? ಚಿಕ್ಕ ಮಗ ಉಳಿದ ಬೀಡಿ ಕಟ್ಟನ್ನ ಮೆಲ್ಲಗೆ ಜೇಬಿಗೆ ಇಳಿಸ್ಕಂಡ.

ಮುದುಕಿ ಗ್ವಾಡೆ ಹಿಡ್ಕಂಡು ಎದ್ದು ನಿಂತು, ಆಯುಧಪೂಜೆವರ್ಗೂ ಕಾಯ್ದೆ ಸೊಂಟದಿಂದ ಬೀಗದ ಕೈ ಬಿಚ್ಚಿ ಸೊಸೆ ಕೈಗೆ ತುರುಕಿತು. ಆಮ್ಯಾಲೆ ಫೋಟೋ ಹತ್ರಕ್ಕೆ ಹೋತು. ನಾನು ಅಳುತ್ತೆ ಅಂದ್ಕಂಡೆ. ಸೆರಗೂ ರೆಡಿ ಮಾಡ್ಕಂಡಿದ್ದೆ, ನಾನೂ ಅತ್ತು ಬಿಡಾಣ ಅಂತ. ಮುದುಕಿ ಸೊಂಟದ ಮ್ಯಾಲೆ ಕೈ ಇಟ್ಕಂಡು ಗಂಡನ್ನ ಮ್ಯಾಲಿಂದ ಕೆಳಗೆ ನೋಡ್ತು.

'ಏನ್ರಿ, ಜೀವ ಇರೋ ತನಕ ನಾನು ಬಾಯಿ ಬಾಯಿ ಬಡ್ಕಂಡೆ, ಒಂದಿನ ಕೇಳ್ಲಿಲ್ಲ. ಈಗ ಸೊಸೆ ಒಂದು ಮಾತು ಹೇಳಿದ್ದಕ್ಕೆ ಬಿಟ್ಟುಬಿಟ್ರಾ?'